ಮಾಚೇನಹಳ್ಳಿ ಸರ್ವರ್ ಮಾತಾಡುತ್ತಿಲ್ಲ

ಸರ್ವರ್ ಸತ್ತರೆ ‘ನಾನು ಸತ್ತೆ’ ಎಂದು ಅದೇ ಬಂದು ಹೇಳುವುದಿಲ್ಲ. ಇಷ್ಟು ಸಣ್ಣ ಮಾತು ನನ್ನ ತಲೆಗೆ ಹೋಗಲು ಒಂದು ಡೆಂಗಿ ಕಾಲವೇ ಬೇಕಾಯಿತು.

ನಾನು ಕೆಲಸ ಮಾಡುವುದು ಶಿವಮೊಗ್ಗದ ಕೋಟೆ ಕಡೆಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಕಂಪ್ಯೂಟರು, ನೆಟ್‌ವರ್ಕು, ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ, ಲ್ಯಾಬಿನ ಮಾಲೀಕರಾದ ಡಾಕ್ಟರ ಮನೆಯ ಟಿವಿಯಲ್ಲಿ ಬಾರದ ಚಾನೆಲ್ಲು, ಎಲ್ಲಕ್ಕೂ ನಾನೊಬ್ಬಳೇ ದಿಕ್ಕು. ಪರೀಕ್ಷೆಯ ಯಂತ್ರಗಳೆಲ್ಲ ಇಲ್ಲೇ ಇವೆ. ಭದ್ರಾವತಿಯಲ್ಲಿರುವುದು ರಕ್ತ ತೆಗೆದುಕೊಳ್ಳುವ ಶಾಖೆ ಮಾತ್ರ. ಅಲ್ಲಿ ತೆಗೆದ ರಕ್ತದ ಟ್ಯೂಬುಗಳನ್ನು ನಮ್ಮ ಡ್ರೈವರ್ ಐಸ್ ಡಬ್ಬಿಯಲ್ಲಿಟ್ಟು ವ್ಯಾನಿನಲ್ಲಿ ತರುತ್ತಾನೆ. ರಿಪೋರ್ಟು ಮಾತ್ರ ಕಂಪ್ಯೂಟರಿನ ದಾರಿಯಲ್ಲಿ ವಾಪಸ್ ಹೋಗಿ ಅಲ್ಲಿನ ನರ್ಸಿಂಗ್ ಹೋಮಿನ ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ.

ಈ ರಿಪೋರ್ಟು ಹಾದುಹೋಗುವ ಸರ್ವರ್ ಇದ್ದದ್ದು ಶಿವಮೊಗ್ಗದಲ್ಲೂ ಅಲ್ಲ, ಭದ್ರಾವತಿಯಲ್ಲೂ ಅಲ್ಲ. ಎರಡೂರಿನ ನಡುವೆ, ಮಾಚೇನಹಳ್ಳಿಯ ಕಾರ್ಖಾನೆಗಳ ಸಾಲಿನಲ್ಲಿ. ಅಲ್ಲಿ ಡಾಕ್ಟರದೊಂದು ಶೆಡ್ಡು. ಪರೀಕ್ಷೆಗೆ ಬೇಕಾದ ರಾಸಾಯನಿಕದ ಪೆಟ್ಟಿಗೆಗಳನ್ನು ತಂಪಾಗಿಡಲು ಎಸಿ ಹಾಕಿಸಿದ್ದರು. ‘ಎಸಿ ಹೇಗೂ ಓಡ್ತಾ ಇರತ್ತೆ, ಜಾಗವೂ ಇದೆ, ಸರ್ವರನ್ನೂ ಅಲ್ಲೇ ಇಡು’ ಅಂದರು. ಇಟ್ಟೆ. ಶೆಡ್ಡಿಗೆ ಕೀಲಿ ಎರಡು. ಒಂದು ಶಿವಮೊಗ್ಗದಲ್ಲಿ ಲ್ಯಾಬಿನ ಸೂಪರ್‌ವೈಸರ ಬಳಿ, ಇನ್ನೊಂದು ಭದ್ರಾವತಿ ಶಾಖೆ ನಡೆಸುವ ಟೆಕ್ನಿಷಿಯನ್ ಬಳಿ. ಅವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತೇವೆ.

ಮಾಚೇನಹಳ್ಳಿಯ ತೊಂದರೆ ಕರೆಂಟಿನದು. ಪಕ್ಕದ ಫೌಂಡ್ರಿಯವರು ಮಧ್ಯಾಹ್ನದ ಪಾಳಿಗೆ ಕುಲುಮೆ ಚಾಲೂ ಮಾಡಿದರೆಂದರೆ ನಮ್ಮ ಶೆಡ್ಡಿನ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತಿತ್ತು. ಯುಪಿಎಸ್ಸಿನ ಬ್ಯಾಟರಿ ಹಳತು. ಹೊಸದಕ್ಕೆ ಹೇಳಿ ಕಳಿಸಿದ್ದೆವು, ಬಂದಿರಲಿಲ್ಲ. ಆ ಒಂದು ಕ್ಷಣದ ಕುಗ್ಗುವಿಕೆಗೆ ಸರ್ವರ್ ಪೂರ್ತಿ ಸಾಯುತ್ತಲೂ ಇರಲಿಲ್ಲ. ಪೂರ್ತಿ ಸತ್ತಿದ್ದರೆ ಕರೆಂಟು ಸರಿಯಾದಾಗ ತಾನಾಗಿ ಏಳುತ್ತಿತ್ತು. ಅರ್ಧ ಸತ್ತು, ಫ್ಯಾನು ತಿರುಗಿಸುತ್ತಾ, ದೀಪ ಹಚ್ಚಿಕೊಂಡು, ಯಾರ ಮಾತಿಗೂ ಉತ್ತರ ಕೊಡದೆ ಕೂರುತ್ತಿತ್ತು. ಆಗ ಯಾರಾದರೂ ಹೋಗಿ, ಬೀಗ ತೆಗೆದು, ಗುಂಡಿ ಒತ್ತಿ ಹಿಡಿದು ಆರಿಸಿ, ಮತ್ತೆ ಹಚ್ಚಬೇಕು.

ಒಂದು ದಿನ ರಿಪೋರ್ಟು ತಡವಾದರೆ ಏನು ಮಹಾ ಎನ್ನಬಹುದು. ಹಿಂದೊಮ್ಮೆ ಒಂದೇ ಹೆಸರಿನ ಇಬ್ಬರ ರಿಪೋರ್ಟು ಅದಲುಬದಲಾದ ಮೇಲೆ ನಮ್ಮಲ್ಲಿ ಟ್ಯೂಬಿನ ಮೇಲೆ ಹೆಸರು ಬರೆಯುವುದೇ ನಿಂತಿತು. ಬರೀ ಬಾರ್‌ಕೋಡ್ ಚೀಟಿ. ಯಾವ ಚೀಟಿ ಯಾರದ್ದು ಎನ್ನುವುದು ಆ ಸರ್ವರ್ ಒಂದಕ್ಕೇ ಗೊತ್ತು. ಸರ್ವರ್ ನಿಂತರೆ ಯಂತ್ರ ತನ್ನ ಪಾಡಿಗೆ ಅಂಕಿ ಉಗುಳುತ್ತಲೇ ಇರುತ್ತದೆ. ಆ ಅಂಕಿ ಯಾವ ಜೀವದ್ದು ಎಂದು ಹೇಳಬಲ್ಲವರು ಲ್ಯಾಬಿನಲ್ಲಿ ಒಬ್ಬರೂ ಇರುವುದಿಲ್ಲ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಬೆಳಿಗ್ಗೆ ಇದ್ದಷ್ಟು ಸಂಜೆಗೆ ಇರುವುದಿಲ್ಲ. ಆ ಲೆಕ್ಕ ನೋಡಿಯೇ ರೋಗಿಯನ್ನು ಅಲ್ಲೇ ಇಟ್ಟುಕೊಳ್ಳಬೇಕೋ, ದೊಡ್ಡ ಆಸ್ಪತ್ರೆಗೆ ಕಳಿಸಬೇಕೋ ಎಂದು ವೈದ್ಯರು ತೀರ್ಮಾನಿಸುವುದು.

‘ಸರ್ವರ್ ನಿಂತಿದೆ ಅಂತ ನರ್ಸಿಂಗ್ ಹೋಮಿನವರು ಫೋನ್ ಮಾಡಿ ಬೈದ ಮೇಲೆ ನಮಗೆ ಗೊತ್ತಾಗೋದಾ? ನಿಂತ ತಕ್ಷಣ ನಮ್ಮ ಗ್ರೂಪಿಗೆ ಮೆಸೇಜ್ ಬರ್ಬೇಕು. ಎಲ್ರಿಗೂ ಗೊತ್ತಾಗ್ಬೇಕು. ಯಾರು ಹತ್ರ ಇರ್ತಾರೋ ಅವ್ರು ಹೋಗ್ಬೇಕು’ ಎಂದು ಡಾಕ್ಟರು ಅಪ್ಪಣೆ ಮಾಡಿದರು.

ಇದು ಕಷ್ಟದ ಕೆಲಸವಲ್ಲ ಎಂದುಕೊಂಡೆ. ನಮ್ಮ ಚಾಟ್ ಗ್ರೂಪಿನಲ್ಲಿ ಒಂದು ಬಾಟ್ ಸೇರಿಸಿದೆ. ಬಾಟ್ ಎಂದರೆ ಮನುಷ್ಯರ ಹಾಗೆ ಗ್ರೂಪಿನ ಒಬ್ಬ ಸದಸ್ಯ, ಆದರೆ ನಾವು ಹೇಳಿಕೊಟ್ಟದ್ದನ್ನಷ್ಟೇ ಒದರುತ್ತದೆ. ಅದಕ್ಕೊಂದು ಗುಪ್ತ ಸಂಕೇತ ಕೊಡುತ್ತಾರೆ. ಆ ಸಂಕೇತ ಗೊತ್ತಿದ್ದರೆ ಯಾವ ಕಂಪ್ಯೂಟರಿನಿಂದ ಬೇಕಾದರೂ ಗ್ರೂಪಿಗೆ ಸಂದೇಶ ತಳ್ಳಬಹುದು. ಸರ್ವರಿನೊಳಗೇ ಒಂದು ಸ್ಕ್ರಿಪ್ಟ್ ಬರೆದಿಟ್ಟೆ. ಅದು ಆಗಾಗ ಎದ್ದು ಡಿಸ್ಕ್ ತುಂಬಿದೆಯೇ, ಮೆಮೊರಿ ಮುಗಿದಿದೆಯೇ, ರಿಪೋರ್ಟುಗಳ ಸಾಲು ಸರಿಯುತ್ತಿದೆಯೇ ಎಂದು ನೋಡಿ, ತೊಂದರೆ ಕಂಡರೆ ಗ್ರೂಪಿನಲ್ಲಿ ಕೂಗಬೇಕು. ಪರೀಕ್ಷೆಗೆ ಒಂದು ಸಂದೇಶ ಕಳಿಸಿದೆ. ಎಲ್ಲರ ಫೋನೂ ಟಿಣ್ ಎಂದಿತು. ಸೂಪರ್‌ವೈಸರು ‘ಪರ್ವಾಗಿಲ್ಲ ಮಾರಾಯ್ತಿ, ನಿನ್ನ ದೆವ್ವ ಮಾತಾಡತ್ತೆ’ ಎಂದು ನಕ್ಕರು.

ದೆವ್ವ ಮಾತಾಡಿದ್ದು ಅದೇ ಕೊನೆ. ಮರುದಿನ ಮಧ್ಯಾಹ್ನ ಸರ್ವರ್ ನಿಂತಿತು. ಗ್ರೂಪು ಶಾಂತವಾಗಿತ್ತು. ಶಾಂತವಾಗಿದೆ ಎಂದರೆ ಎಲ್ಲ ಸರಿಯಿದೆ ಎಂದುಕೊಂಡು ನಾನು ನೆಮ್ಮದಿಯಾಗಿ ಊಟದ ಡಬ್ಬಿ ಬಿಚ್ಚಿದ್ದೆ. ನರ್ಸಿಂಗ್ ಹೋಮಿನವರು ಫೋನ್ ಮಾಡಿ ಉಗಿದಾಗಲೇ ಗೊತ್ತಾಗಿದ್ದು. ಕಾವಲುಗಾರನನ್ನು ಬಾವಿಯೊಳಗೆ ಕೂರಿಸಿ, ಬಾವಿ ಕುಸಿದರೆ ಕೂಗು ಅಂದಿದ್ದೆ ನಾನು.

ಹಾಗಾಗಿ ಕಾವಲನ್ನು ಹೊರಗೆ ತಂದೆ. ಕೋಟೆಯ ಲ್ಯಾಬಿನಲ್ಲಿ ಮೂಲೆಗೆ ತಳ್ಳಿದ್ದ ಒಂದು ಹಳೆಯ ಡೆಸ್ಕ್‌ಟಾಪನ್ನು ಒರೆಸಿ, ಸ್ಕ್ರಿಪ್ಟನ್ನು ಅದರಲ್ಲಿಟ್ಟೆ. ಅದು ಮಾಚೇನಹಳ್ಳಿಯ ಸರ್ವರನ್ನು ನಿಮಿಷಕ್ಕೊಮ್ಮೆ ‘ಇದ್ದೀಯಾ?’ ಎಂದು ಕೇಳಬೇಕು. ಉತ್ತರ ಬಾರದಿದ್ದರೆ ಗ್ರೂಪಿಗೆ ಸುದ್ದಿ. ಈ ಸಲ ಸುದ್ದಿಗೆ ಬರವಿರಲಿಲ್ಲ. ಇಂಟರ್‌ನೆಟ್ ಒಂದು ಗಳಿಗೆ ತೊದಲಿದರೂ ಕೂಗು. ಸರಿಹೋದರೆ ಸರಿಹೋಯಿತು ಎಂದು ಕೂಗು. ಮತ್ತೆ ತೊದಲಿದರೆ ಮತ್ತೆ ಕೂಗು. ಎಲ್ಲವೂ ಇಂಗ್ಲಿಷಿನಲ್ಲಿ, ಕೆಂಪು ಗುಂಡಿನ ಚಿತ್ರದೊಂದಿಗೆ. ಎರಡು ದಿನದೊಳಗೆ ಒಬ್ಬೊಬ್ಬರಾಗಿ ಗ್ರೂಪಿನ ಸದ್ದು ಆರಿಸಿಬಿಟ್ಟರು. ಡ್ರೈವರ್ ಅಂತೂ ಕೈ ಮುಗಿದ.

‘ಮೇಡಂ, ಗಾಡಿ ಓಡಿಸ್ತಾ ಇರ್ತೀನಿ, ಜೇಬಲ್ಲಿ ಇದು ಬಡ್ಕೊಳ್ತಾನೇ ಇರತ್ತೆ. ಮನೇಲಿ ಹೆಂಡ್ತಿ ಯಾರದು ಅಷ್ಟೊಂದು ಮೆಸೇಜು ಅಂತ ಕೇಳ್ತಾಳೆ.’

ಇನ್ನೊಂದು ಪೆಟ್ಟು ಬಿದ್ದದ್ದು ನನಗೆ ಕಾಣದ ಕಡೆಯಿಂದ. ಒಂದು ಮಧ್ಯಾಹ್ನ ಬಾಟ್ ಇದ್ದಕ್ಕಿದ್ದಂತೆ ಮೌನವಾಯಿತು, ಸರ್ವರ್ ಕೂಡ ನಿಂತಿತ್ತು. ಸ್ಕ್ರಿಪ್ಟಿನ ದಾಖಲೆ ತೆಗೆದು ನೋಡಿದರೆ, ‘ನೀವು ವಿಪರೀತ ಸಂದೇಶ ಕಳಿಸುತ್ತಿದ್ದೀರಿ, ಸ್ವಲ್ಪ ಹೊತ್ತು ಕಾಯಿರಿ’ ಎಂದು ಚಾಟ್ ಕಂಪನಿಯ ಯಂತ್ರವೇ ನನ್ನ ಬಾಟಿನ ಬಾಯಿ ಹೊಲಿದಿತ್ತು. ಬೆಳಗಿನಿಂದ ಕೆಲಸಕ್ಕೆ ಬಾರದ್ದಕ್ಕೆಲ್ಲ ಕೂಗಿ ಕೂಗಿ, ನಿಜವಾದ ಹೊತ್ತಿಗೆ ಕೂಗಲು ಅದಕ್ಕೆ ಅಪ್ಪಣೆಯೇ ಇರಲಿಲ್ಲ. ತೋಳ ಬಂತು ತೋಳ ಕಥೆಯನ್ನು ನಾನು ಕಂಪ್ಯೂಟರಿಗೆ ಕಲಿಸಿಕೊಟ್ಟಿದ್ದೆ. ಅಂದು ಸಂಜೆ ರಾಗಿಗುಡ್ಡದ ಹತ್ತಿರದ ನನ್ನ ರೂಮಿಗೆ ಹೋಗಿ ಅತ್ತೆ. ಸಿಟ್ಟಿಗೆ ಅಳು ಬರುವ ಜಾತಿ ನನ್ನದು.

ಕೂತು ಎಲ್ಲ ಮತ್ತೆ ಬರೆದೆ. ಒಂದು ಸಲ ಉತ್ತರ ಬಾರದಿದ್ದರೆ ಸುಮ್ಮನಿರು. ಸತತವಾಗಿ ಮೂರು ಸಲ ಬಾರದಿದ್ದರೆ ಮಾತ್ರ ಹೇಳು. ಹೇಳಿದ್ದನ್ನೇ ಹೇಳಬೇಡ, ಸ್ಥಿತಿ ಬದಲಾದಾಗ ಮಾತ್ರ ಬಾಯಿ ತೆಗೆ. ಡಿಸ್ಕಿನ ಸಣ್ಣಪುಟ್ಟ ದೂರು ನನಗೊಬ್ಬಳಿಗೇ ಬರಲಿ. ಮತ್ತೆ, ಕಾವಲಿನ ಡೆಸ್ಕ್‌ಟಾಪ್ ತಾನೇ ಸತ್ತರೆ ಗೊತ್ತಾಗಲೆಂದು ಬೆಳಿಗ್ಗೆ ಒಮ್ಮೆ ‘ನಾನು ಎಚ್ಚರವಾಗಿದ್ದೇನೆ’ ಎಂದು ಗ್ರೂಪಿಗೆ ಹೇಳಲಿ. ಇಂಗ್ಲಿಷ್ ಕಿತ್ತುಹಾಕಿ, ಸೂಪರ್‌ವೈಸರಿಗೂ ಡ್ರೈವರಿಗೂ ಒಂದೇ ಓದಿಗೆ ತಿಳಿಯುವಂತೆ ಬರೆದೆ: ‘ಮಾಚೇನಹಳ್ಳಿ ಸರ್ವರ್ ಮಾತಾಡುತ್ತಿಲ್ಲ. ರಿಪೋರ್ಟುಗಳು ನಿಂತಿವೆ. ಯಾರಾದರೂ ಹೋಗಿ ಎಬ್ಬಿಸಿ.’ ಎಲ್ಲರ ಕಾಲು ಹಿಡಿದು ಗ್ರೂಪಿನ ಸದ್ದು ವಾಪಸ್ ಹಾಕಿಸಿದೆ.

ಆ ವಾರವೇ ಅಕ್ಕನ ಮಗಳಿಗೆ ಡೆಂಗಿ ಬಂತು. ಪಿಯುಸಿ ಓದುವ ಹುಡುಗಿ. ಅಕ್ಕನ ಮನೆಯಲ್ಲಿ ಇರುವುದು ಅವರಿಬ್ಬರೇ. ಮಗಳನ್ನು ಭದ್ರಾವತಿಯ ಅದೇ ನರ್ಸಿಂಗ್ ಹೋಮಿಗೆ ಸೇರಿಸಿ, ಎರಡು ರಸ್ತೆ ಆಚೆಯ ಶಾಖೆಗೂ ಮಗಳ ಹಾಸಿಗೆಗೂ ಅಕ್ಕ ಓಡಾಡುತ್ತಿದ್ದರು. ಬೆಳಿಗ್ಗೆ ಒಂದು ಟ್ಯೂಬು, ಮಧ್ಯಾಹ್ನ ಒಂದು ಟ್ಯೂಬು ಮಗಳ ರಕ್ತವನ್ನು ತಾವೇ ತೆಗೆದು, ಬಾರ್‌ಕೋಡ್ ಅಂಟಿಸಿ ಡ್ರೈವರ್ ಕೈಗೆ ಕೊಡುತ್ತಿದ್ದರು. ಪ್ಲೇಟ್‌ಲೆಟ್ ದಿನವೂ ಇಳಿಯುತ್ತಿತ್ತು. ‘ಇನ್ನೂ ಇಳಿದರೆ ಇಲ್ಲಿ ಇಟ್ಟುಕೊಳ್ಳುವುದಿಲ್ಲ, ಶಿವಮೊಗ್ಗಕ್ಕೆ ಕಳಿಸುತ್ತೇನೆ, ಆದರೆ ರಿಪೋರ್ಟು ನೋಡದೆ ಹೇಗೆ ಹೇಳಲಿ’ ಎಂದಿದ್ದರಂತೆ ಅಲ್ಲಿನ ವೈದ್ಯರು.

ಅವರು ಹಾಗೆಂದ ಮರುದಿನ ಮಧ್ಯಾಹ್ನ ನಾನು ಊರ ಹೊರಗಿನ ಒಂದು ರಕ್ತಪರೀಕ್ಷೆಯ ಶಿಬಿರದಲ್ಲಿ ಕಂಪ್ಯೂಟರ್ ಜೋಡಿಸಲು ಹೋಗಿದ್ದೆ. ಸಂದೇಶ ಬಂತು. ಸರಿಯಾದ ಹೊತ್ತಿಗೆ, ಸರಿಯಾದ ಮಾತಿನಲ್ಲಿ, ಒಂದೇ ಒಂದು ಸಲ. ನನಗೆ ಹೆಮ್ಮೆಯೇ ಆಯಿತು. ಎಲ್ಲರೂ ಓದಿದ್ದಾರೆ ಎಂದು ಆ್ಯಪ್ ತೋರಿಸಿತು. ಯಾರೋ ಹೊರಟಿರುತ್ತಾರೆ ಎಂದು ನನ್ನ ಕೆಲಸ ಮುಂದುವರಿಸಿದೆ. ಸಂಜೆ ಕೋಟೆಗೆ ಬಂದು ನೋಡಿದರೆ ಸರ್ವರ್ ಹಾಗೇ ಬಿದ್ದಿತ್ತು. ಯಾರೂ ಹೋಗಿರಲಿಲ್ಲ. ಸೂಪರ್‌ವೈಸರ ಕೀಲಿ ಕಸಿದುಕೊಂಡು ಸ್ಕೂಟರ್ ಹತ್ತಿದೆ. ಮಾಚೇನಹಳ್ಳಿ ಸೇರುವ ಮೊದಲೇ ಅಕ್ಕನ ಫೋನ್ ಬಂತು.

‘ಏನಾಯ್ತು ಮಾರಾಯ್ತಿ? ಅವಳ ವಸಡಲ್ಲಿ ರಕ್ತ ಬರ್ತಾ ಇದೆ. ಇಲ್ಲಿನ ಡಾಕ್ಟ್ರು ರಿಪೋರ್ಟ್ ಎಲ್ಲಿ, ರಿಪೋರ್ಟ್ ಎಲ್ಲಿ ಅಂತಿದ್ದಾರೆ.’

ಸರ್ವರ್ ಎದ್ದಿತು, ರಿಪೋರ್ಟು ಹೋಯಿತು. ಆ ದಿನ ಲೆಕ್ಕ ಗಡಿಯ ಮೇಲೇ ನಿಂತಿತ್ತು, ವೈದ್ಯರು ಇನ್ನೊಂದು ದಿನ ನೋಡೋಣ ಅಂದರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಇನ್ನೇನು ಬರೆಯಲಿ ಆ ಸ್ಕ್ರಿಪ್ಟಿನಲ್ಲಿ? ಬರೆಯುವುದು ಏನೂ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಬೇಗ ಬಂದು ಒಬ್ಬೊಬ್ಬರನ್ನೇ ಹಿಡಿದು ಕೇಳಿದೆ. ನಿನ್ನೆ ಯಾಕೆ ಹೋಗಲಿಲ್ಲ?

‘ನಾನು ವ್ಯಾನಲ್ಲಿ ಶಿವಮೊಗ್ಗದ ಹತ್ರ ಬಂದಿದ್ದೆ ಮೇಡಂ. ಭದ್ರಾವತಿ ಕೀಲಿಯಿಂದ ತೆಗೀತಾರೆ ಅನ್ಕೊಂಡೆ. ಸೂಪರ್‌ವೈಸರ್ ಸಾರಿಗೆ ಫೋನೂ ಮಾಡ್ದೆ. ಅವ್ರದ್ದು ಬ್ಯುಸಿ ಬಂತು’ ಎಂದ ಡ್ರೈವರ್.

ಸೂಪರ್‌ವೈಸರ ಫೋನ್ ಬ್ಯುಸಿ ಇದ್ದದ್ದು, ಅವರು ಭದ್ರಾವತಿ ಶಾಖೆಗೆ ಫೋನ್ ಮಾಡುತ್ತಿದ್ದದ್ದರಿಂದ. ಅಲ್ಲಿ ಎತ್ತುವವರಿರಲಿಲ್ಲ, ಅಕ್ಕ ಮಗಳ ಬಳಿ ಇದ್ದರು. ನಮ್ಮಲ್ಲಿ ಕೆಲಸ ನಡೆಯುವುದೇ ಹೀಗೆ, ಕಿವಿಯಿಂದ ಕಿವಿಗೆ. ‘ಮತ್ತೆ ಗ್ರೂಪಲ್ಲೇ ಒಂದು ಮಾತು ಹಾಕಬಹುದಿತ್ತಲ್ಲ ಸರ್, ಡ್ರೈವರ್‌ನ ಕಳಿಸ್ತೀನಿ ಅಂತ?’ ಎಂದೆ. ಹಣೆಯ ವಿಭೂತಿ ಬೆವರಿನೊಂದಿಗೆ ಅಳಿಸಿಹೋಗುವಂತೆ ಅವರು ಮುಖ ಒರೆಸಿಕೊಂಡರು.

‘ಗ್ರೂಪಲ್ಲಾ? ಡಾಕ್ಟ್ರು ಇದ್ದಾರಲ್ಲೇ ಅದರಲ್ಲಿ.’

‘ಇದ್ರೆ?’

‘ನಾನು ಬಾಯಿ ತೆಗೆದ ಕೂಡ್ಲೇ ವಿವರಣೆ ಕೊಡಿ ಅಂತಾರೆ. ಡ್ರೈವರ್ ಅಲ್ಲಿಗೆ ಹೋದ್ರೆ ಟ್ಯೂಬ್ ತಡ ಆಗತ್ತೆ, ಅದಕ್ಕೂ ವಿವರಣೆ. ಹುಡುಗರ ಎದುರಿಗೆ. ಈ ವಯಸ್ಸಲ್ಲಿ ನಂಗೆ ಬೇಕಾ? ದೊಡ್ಡೋರು ಏನಾದ್ರೂ ಹೇಳ್ಲಿ, ಆಮೇಲೆ ಮಾಡೋಣ ಅಂತ ಕಾಯ್ದೆ.’

ಗ್ರೂಪನ್ನು ಮೇಲಕ್ಕೆ ಜರುಗಿಸಿ ಹಳೆಯ ಸಂದೇಶಗಳನ್ನೆಲ್ಲ ಓದಿದೆ. ಅವರು ಹೇಳಿದ್ದು ಸುಳ್ಳಲ್ಲ. ಯಾರು ಏನೇ ಬರೆದಿರಲಿ, ಕೆಳಗೆ ಡಾಕ್ಟರ ‘ವಿವರಣೆ?’ ಇತ್ತು. ಅವರು ಕೆಟ್ಟವರಲ್ಲ. ಸೂಕ್ಷ್ಮದರ್ಶಕದ ಕೆಳಗಿನ ಸ್ಲೈಡಿನಲ್ಲಿ ಒಂದು ಜೀವಕೋಶ ವಿಚಿತ್ರವಾಗಿ ಕಂಡರೂ ಮೂರು ಸಲ ನೋಡುವ ಮನುಷ್ಯ. ಅದೇ ಕಣ್ಣಿನಿಂದ ಮನುಷ್ಯರನ್ನೂ ನೋಡುತ್ತಾರೆ. ಅವರೆದುರು ‘ನಾನು ಹೋಗ್ತೀನಿ’ ಅಂದವರ ತಲೆಗೇ ಸರ್ವರ್ ನಿಂತದ್ದರ ಅಪರಾಧ ಅಂಟಿಕೊಳ್ಳುತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಏಳು ಜನ ಓದುತ್ತಿದ್ದರು, ಏಳು ಜನವೂ ದೊಡ್ಡವರ ಮಾತಿಗೆ ಕಾಯುತ್ತಿದ್ದರು. ದೊಡ್ಡವರು ‘ಹತ್ತಿರದವರು ಹೋಗಬೇಕು’ ಎಂಬ ತಮ್ಮ ನಿಯಮ ನಡೆಯುತ್ತಿದೆ ಎಂದುಕೊಂಡಿದ್ದರು. ಎರಡೂರಿನ ನಟ್ಟನಡುವೆ ಇರುವ ಶೆಡ್ಡಿಗೆ ಯಾರೂ ಹತ್ತಿರದವರಲ್ಲ.

ಇನ್ನೊಂದು ನನಗೆ ನೆನಪಾಯಿತು. ಹಿಂದಿನ ಮಧ್ಯಾಹ್ನ ಶಿಬಿರದಲ್ಲಿ ಫೋನ್ ನೋಡುತ್ತಿದ್ದಾಗ, ಸಂದೇಶದ ಕೆಳಗೆ ‘ಅಕ್ಕ ಬರೆಯುತ್ತಿದ್ದಾರೆ’ ಎಂದು ಮೂಡಿ, ಅಳಿಸಿ, ಮತ್ತೆ ಮೂಡಿ, ಮತ್ತೆ ಅಳಿಸಿಹೋಗಿತ್ತು. ಏನೂ ಬಂದಿರಲಿಲ್ಲ.

ಗ್ರೂಪು ಮಾಡಿದವಳು ನಾನು. ಸೇರಿಸುವ, ತೆಗೆಯುವ ಅಧಿಕಾರ ನನ್ನ ಕೈಯಲ್ಲಿತ್ತು. ಯೋಚಿಸಿದರೆ ಧೈರ್ಯ ಬರುವುದಿಲ್ಲ ಎಂದು ಗೊತ್ತಿತ್ತು. ಡಾಕ್ಟರ ಹೆಸರಿನ ಮೇಲೆ ಒತ್ತಿ ಹಿಡಿದು ‘ತೆಗೆಯಿರಿ’ ಎಂಬುದನ್ನು ಮುಟ್ಟಿದೆ. ಯಾರು ಯಾರನ್ನು ತೆಗೆದರು ಎಂಬ ಸಾಲು ಎಲ್ಲರ ಪರದೆಯ ಮೇಲೂ ಬಂತು.

ಸೂಪರ್‌ವೈಸರು ಕೈಗವಸು ಕೂಡ ಬಿಚ್ಚದೆ ಓಡಿ ಬಂದರು. ‘ಏನ್ ಮಾಡಿದ್ಯೇ? ಕೈ ತಪ್ಪಿ ಒತ್ತಿದ್ಯಾ?’

‘ಇಲ್ಲ ಸರ್. ಬೇಕಂತಲೇ.’

‘ಕೈ ತಪ್ಪಿ ಅಂತ ಹೇಳು ಮಾರಾಯ್ತಿ. ವಾಪಸ್ ಸೇರಿಸು. ನಾನು ನೋಡೇ ಇಲ್ಲ ಅಂತೀನಿ.’

‘ಸೇರಿಸಲ್ಲ. ಇವತ್ತು ಸರ್ವರ್ ನಿಂತ್ರೆ ನೀವು ಗ್ರೂಪಲ್ಲಿ ಬರೀರಿ, ಕೇಳೋರು ಯಾರೂ ಇಲ್ಲ.’

ಅವರು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿ ಹೋದರು. ಕೆಲಸ ಹೋಗುತ್ತದೆ ಎಂದು ನನಗೂ ಅನ್ನಿಸಿತ್ತು. ಹೋದರೆ ಹೋಗಲಿ, ಆ ಹುಡುಗಿಯ ಒಂದು ರಿಪೋರ್ಟು ಹೊತ್ತಿಗೆ ಸರಿಯಾಗಿ ಹೋಗಿಬಿಡಲಿ ಎಂದು ಎದೆಯೊಳಗೇ ಬೇಡಿಕೊಳ್ಳುತ್ತಿದ್ದೆ.

ಡಾಕ್ಟರು ಬೆಳಗಿನ ಸ್ಲೈಡುಗಳನ್ನು ಮುಗಿಸಿ, ಊಟ ಮುಗಿಸಿ ನನ್ನನ್ನು ಕರೆಸಿದರು. ಕೂರು ಅನ್ನಲಿಲ್ಲ. ನಾನು ಕೈಯಲ್ಲಿ ಫೋನ್ ಹಿಡಿದು ನಿಂತೆ.

‘ನನ್ನ ಲ್ಯಾಬಿನ ಗ್ರೂಪಿಂದ ನನ್ನನ್ನೇ ತೆಗೆದಿದ್ದೀಯಾ?’

‘ಹೌದು ಸರ್.’

‘ಫೋನ್ ಕೆಳಗಿಟ್ಟು ಮಾತಾಡು.’

ಮೇಜಿನ ಅಂಚಿಗೆ ಇಟ್ಟೆ. ಅವರು ಶುರು ಮಾಡಿದರು. ಶಿಸ್ತು, ಸೌಜನ್ಯ, ಲ್ಯಾಬು ಕಟ್ಟಿದ ಕಷ್ಟ. ಏರಿದ ದನಿಯೇನೂ ಅಲ್ಲ, ಅದೇ ಹೆಚ್ಚು ನೋಯಿಸುವುದು. ಆಗಲೇ ಫೋನಿನ ಪರದೆ ಬೆಳಗಿತು. ತಲೆಕೆಳಗಾಗಿ ಇದ್ದರೂ ನಾನೇ ಬರೆದ ಸ್ಕ್ರಿಪ್ಟಿನ ಸಾಲು ನನಗೆ ಓದಲು ಬರುವುದಿಲ್ಲವೇ? ಮಾಚೇನಹಳ್ಳಿ ಸರ್ವರ್ ಮಾತಾಡುತ್ತಿಲ್ಲ.

ನಾನು ‘ಸರ್, ಸರ್ವರ್ ನಿಂತಿದೆ’ ಅನ್ನಬೇಕಿತ್ತು. ಅನ್ನಲಿಲ್ಲ. ಅವರು ಮಾತಾಡುತ್ತಿದ್ದರು, ನಡುವೆ ಬಾಯಿ ಹಾಕುವುದು ಹೇಗೆ ಎಂದು ನಿಂತೇ ಇದ್ದೆ. ಅವರನ್ನು ಗ್ರೂಪಿನಿಂದ ಹೊರಗೆ ಹಾಕಿದವಳು, ಅವರ ಎದುರಿಗೆ ಸೂಪರ್‌ವೈಸರ ಹಾಗೇ ದೊಡ್ಡವರ ಮಾತು ಮುಗಿಯಲೆಂದು ಕಾಯುತ್ತಿದ್ದೆ. ಮಧ್ಯಾಹ್ನದ ಟ್ಯೂಬು ಯಂತ್ರದೊಳಗೆ ಹೋಗಿರುತ್ತದೆ. ಅಂಕಿ ಬಂದಿರುತ್ತದೆ. ಯಾರದ್ದೆಂದು ಯಾರಿಗೂ ಗೊತ್ತಿರುವುದಿಲ್ಲ. ಪರದೆ ಆರಿತು. ಹೊರಗೆ ಯಾವುದೋ ಫೋನ್ ಬಡಿದುಕೊಂಡು ನಿಂತಿತು, ಇನ್ನೊಂದು ಬಡಿದುಕೊಂಡಿತು. ಮತ್ತೆ ಕಿವಿಯಿಂದ ಕಿವಿಗೆ ಶುರುವಾಯಿತು ಎಂದು ಅರ್ಥವಾಯಿತು.

ಎಷ್ಟು ಹೊತ್ತೋ. ಪರದೆ ಮತ್ತೆ ಬೆಳಗಿತು. ಅಕ್ಕನ ಹೆಸರು. ‘ನಾನು ಹೊರಟಿದ್ದೀನಿ. ಕೀಲಿ ಇದೆ.’

ಆ ಗ್ರೂಪಿನಲ್ಲಿ ಬಾಟಿಗೆ ಮನುಷ್ಯರೊಬ್ಬರು ಕೊಟ್ಟ ಮೊದಲ ಉತ್ತರ ಅದು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾರು ಹೊರಟರೂ ಅವರು ಮಾತ್ರ ಹೊರಡಬಾರದಾಗಿದ್ದ ಹೊತ್ತಿನಲ್ಲಿ ಅವರೊಬ್ಬರೇ ಹೊರಟಿದ್ದರು. ಡಾಕ್ಟರು ಏನೋ ಹೇಳುತ್ತಿದ್ದಂತೆಯೇ ಫೋನ್ ಎತ್ತಿಕೊಂಡು ಹೊರಗೆ ಓಡಿದೆ. ಹಿಂದಿನಿಂದ ನನ್ನ ಹೆಸರು ಕೂಗಿದ್ದು ಕೇಳಿಸಿತು.

ಕೆಳಗೆ ಡ್ರೈವರ್ ಟ್ಯೂಬಿನ ಖಾಲಿ ಡಬ್ಬಿಗಳನ್ನು ವಾಪಸ್ ವ್ಯಾನಿಗೆ ತುಂಬಿ ನಿಂತಿದ್ದ. ಅವನೂ ಆಗಲೇ ಬರೆದಿದ್ದ: ‘ಅಕ್ಕ ಬೇಡ. ನಾನು ಹೋಗ್ತೀನಿ.’ ಸೂಪರ್‌ವೈಸರು ಮಹಡಿಯ ಮೇಲಿನಿಂದಲೇ ಕೀಲಿ ಗೊಂಚಲು ಎಸೆದರು. ಗ್ರೂಪಿನಲ್ಲಿ ಅವರ ಉತ್ತರವೂ ಬಂತು: ‘ಡ್ರೈವರ್ ಕಳಿಸಿದ್ದೇನೆ. ನೀವು ಮಗಳ ಹತ್ತಿರ ಇರಿ.’ ಮೂರು ಮಂದಿ ಮೂರು ನಿಮಿಷದಲ್ಲಿ ಬರೆದಿದ್ದರು. ಆದರೆ ಅಕ್ಕ ಫೋನನ್ನು ಚೀಲಕ್ಕೆ ಹಾಕಿ ಆಟೊ ಹತ್ತಿಯಾಗಿತ್ತು. ಇದ್ಯಾವುದನ್ನೂ ಓದಲಿಲ್ಲ.

ನಾನೂ ವ್ಯಾನ್ ಹತ್ತಿದೆ. ನಾವು ಮುಟ್ಟುವ ಹೊತ್ತಿಗೆ ಶೆಡ್ಡಿನ ಬಾಗಿಲು ತೆರೆದಿತ್ತು. ಅಕ್ಕ ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕೂತು ಸರ್ವರಿನ ಪುಟ್ಟ ಪರದೆಯನ್ನೇ ನೋಡುತ್ತಿದ್ದರು.

‘ಆರಿಸಿ ಹಚ್ಚಿದೆ ಮಾರಾಯ್ತಿ. ನೀನು ಹೇಳಿಕೊಟ್ಟ ಹಾಗೇ ಮಾಡ್ದೆ. ಏನೇನೋ ಇಂಗ್ಲಿಷ್ ಬರ್ತಾ ಇದೆ. ನಾನೇನಾದ್ರೂ ಹಾಳು ಮಾಡಿದ್ನಾ?’

ಅವರು ಏನೂ ಹಾಳು ಮಾಡಿರಲಿಲ್ಲ. ಮತ್ತೆ ಮತ್ತೆ ಅರ್ಧಕ್ಕೆ ನಿಂತು ಡಿಸ್ಕಿನ ಲೆಕ್ಕ ತಪ್ಪಿತ್ತು, ಸರಿಪಡಿಸಲೇ ಎಂದು ಅದು ಅಪ್ಪಣೆ ಕೇಳುತ್ತಾ ನಿಂತಿತ್ತು. ಒಪ್ಪಿದರೆ ರಿಪೇರಿ, ಆದರೆ ಅರ್ಧ ಬರೆದಿದ್ದ ಯಾವುದಾದರೂ ದಾಖಲೆ ಅಳಿಸಿಹೋಗಬಹುದು. ಅದು ಬೆಳಗಿನಿಂದ ಬಂದ ಟ್ಯೂಬುಗಳ ಹೆಸರೇ ಆಗಿದ್ದರೆ? ಬೇರೆ ದಾರಿ ಇರಲಿಲ್ಲ. ಒಪ್ಪಿಗೆಯ ಗುಂಡಿ ಒತ್ತಿದೆ. ಸಾಲುಗಳು ಸರಿಯತೊಡಗಿದವು. ಪಕ್ಕದ ಫೌಂಡ್ರಿಯ ಕುಲುಮೆ ಗುಂಯ್ ಅನ್ನುತ್ತಿತ್ತು. ದೀಪ ಮಿಟುಕಿದಾಗಲೆಲ್ಲ ನಾವು ಮೂವರೂ ಉಸಿರು ಹಿಡಿಯುತ್ತಿದ್ದೆವು. ಡ್ರೈವರ್ ಯಾವ ದೇವರಿಗೋ ತಮಿಳಿನಲ್ಲಿ ಹರಕೆ ಹೇಳಿಕೊಳ್ಳುತ್ತಿದ್ದ.

‘ಅವಳ ಹತ್ರ ಯಾರಿದ್ದಾರೆ ಅಕ್ಕ?’ ಎಂದೆ.

‘ಪಕ್ಕದ ಹಾಸಿಗೆಯವ್ರಿಗೆ ಹೇಳಿ ಬಂದೆ.’

ಸರ್ವರ್ ಎದ್ದಿತು. ಸಾಲಿನಲ್ಲಿ ನಿಂತಿದ್ದ ರಿಪೋರ್ಟುಗಳು ಒಂದೊಂದಾಗಿ ಹೊರಟವು. ಪರದೆಯ ಮೇಲೆ ಹೆಸರುಗಳು ಹಾಯುತ್ತಿದ್ದಂತೆ ಅಕ್ಕ ಮುಖ ಗೋಡೆಯ ಕಡೆ ತಿರುಗಿಸಿಕೊಂಡರು. ಮಗಳ ಹೆಸರು ಬಂದದ್ದನ್ನು ನಾನು ನೋಡಿದೆ, ಅದರ ಮುಂದಿನ ಅಂಕಿಯನ್ನೂ ನೋಡಿದೆ. ಅಕ್ಕನಿಗೆ ನಾನು ಹೇಳಬೇಕಾಗಿ ಬರಲಿಲ್ಲ. ನರ್ಸಿಂಗ್ ಹೋಮಿನಿಂದ ಅಕ್ಕನಿಗೆ ಫೋನ್ ಬಂತು: ಈಗಲೇ ಶಿವಮೊಗ್ಗಕ್ಕೆ ಒಯ್ಯಬೇಕು, ತಡ ಮಾಡಬೇಡಿ. ಡ್ರೈವರ್ ಡಬ್ಬಿಗಳನ್ನೆಲ್ಲ ಶೆಡ್ಡಿನಲ್ಲೇ ಎತ್ತಿಟ್ಟು, ವ್ಯಾನಿನ ಹಿಂದಿನ ಸೀಟು ಮಲಗಲು ಬರುವಂತೆ ಮಾಡಿ, ಅಕ್ಕನನ್ನು ಕೂರಿಸಿಕೊಂಡು ಭದ್ರಾವತಿಯ ಕಡೆ ತಿರುಗಿಸಿದ. ನಾನು ಶೆಡ್ಡಿನಲ್ಲೇ ಉಳಿದೆ. ಕುಲುಮೆಯ ಪಾಳಿ ಮುಗಿಯುವವರೆಗೆ ಆ ಯಂತ್ರದ ಎದುರಿನಿಂದ ಕದಲಲಿಲ್ಲ.

ಹುಡುಗಿಗೆ ಶಿವಮೊಗ್ಗದಲ್ಲಿ ಪ್ಲೇಟ್‌ಲೆಟ್ ಏರಿಸಿದರು. ಮರುದಿನವೂ ಭರವಸೆಯ ಮಾತು ಯಾರೂ ಆಡಲಿಲ್ಲ. ಅದರ ಮರುದಿನ ಲೆಕ್ಕ ನಿಂತಲ್ಲೇ ನಿಂತಿತು, ಆಮೇಲೆ ನಿಧಾನಕ್ಕೆ ಹತ್ತಿತು. ಅಷ್ಟರಲ್ಲಿ ನಾನು ಸ್ಕ್ರಿಪ್ಟಿನ ಸಂದೇಶ ಬದಲಿಸಿದ್ದೆ. ‘ಯಾರಾದರೂ ಹೋಗಿ’ ಎಂಬುದನ್ನು ಅಳಿಸಿ, ದಿನಕ್ಕೊಬ್ಬರ ಸರದಿ ಹಚ್ಚಿ, ಅವತ್ತಿನವರ ಹೆಸರನ್ನೇ ಹಾಕಿದೆ. ಅವರು ‘ಹೊರಟೆ’ ಎಂದು ಬರೆಯುವವರೆಗೆ ಬಾಟ್ ಬಿಡುವುದಿಲ್ಲ. ಬರೆಯದಿದ್ದರೆ ಮುಂದಿನವರ ಹೆಸರಿಗೆ ಹೋಗುತ್ತದೆ. ಸರದಿಯಲ್ಲಿ ಅಕ್ಕನ ಹೆಸರಿರಲಿಲ್ಲ. ಡಾಕ್ಟರು ನನಗೆ ಏನೂ ಅನ್ನಲಿಲ್ಲ, ನಾನು ಅವರನ್ನು ವಾಪಸ್ ಸೇರಿಸಲೂ ಇಲ್ಲ.

ಹುಡುಗಿ ಎದ್ದು ಕೂತು ಗಂಜಿ ಕುಡಿದ ಸಂಜೆ ನಾನೂ ಸೂಪರ್‌ವೈಸರೂ ಡ್ರೈವರೂ ಆಸ್ಪತ್ರೆಗೆ ಹೋಗಿದ್ದೆವು. ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದರು, ಕೈಯಲ್ಲಿ ಮೂಸಂಬಿಯ ಚೀಲ. ಎಲ್ಲರೂ ಎದ್ದು ನಿಂತೆವು. ಅವರು ಹುಡುಗಿಯ ಕಣ್ಣು ನೋಡಿದರು, ರಿಪೋರ್ಟು ತಿರುವಿದರು, ಆಮೇಲೆ ನನ್ನ ಕಡೆ ತಿರುಗಿದರು.

‘ಅವತ್ತು ಸರ್ವರ್ ನಿಂತಿದ್ದು ನನಗೆ ರಾತ್ರಿ ಗೊತ್ತಾಯ್ತು. ನನ್ನ ಎದುರಿಗೇ ನಿಂತಿದ್ದೆ ನೀನು. ಒಂದು ಮಾತು ಹೇಳ್ಬಾರ್ದಾ?’

‘ಹೇಳೋಕೆ ಧೈರ್ಯ ಬರಲಿಲ್ಲ ಸರ್.’

ಅವರಿಗೆ ಅದು ಅರ್ಥವಾಗಲಿಲ್ಲವೋ, ಆಯಿತೋ. ಅಕ್ಕನ ಕಡೆ ತಿರುಗಿ, ಕೇಳಲೇಬೇಕೆಂದು ಬಂದಿದ್ದವರಂತೆ, ಮೆಲ್ಲಗೆ ಕೇಳಿದರು.

‘ಮಗಳು ಆ ಸ್ಥಿತೀಲಿದ್ದಾಗ ನೀನ್ಯಾಕಮ್ಮ ಬಿಟ್ಟು ಹೋದೆ? ಇಷ್ಟು ಜನ ಇದ್ರಲ್ಲ.’

ಅಕ್ಕ ಮಗಳ ಹೊದಿಕೆ ಸರಿಮಾಡುತ್ತಿದ್ದರು. ಸಿಟ್ಟಿನಿಂದ ಹೇಳಲಿಲ್ಲ, ದೂರಿನಂತೆಯೂ ಹೇಳಲಿಲ್ಲ.

‘ಇನ್ಯಾರೂ ಹೋಗಲ್ಲ ಅಂತ ಗೊತ್ತಿತ್ತು ಸರ್.’

ಡಾಕ್ಟರು ಮೂಸಂಬಿಯ ಚೀಲವನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದರು. ನಾವು ಮೂವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.